ಮಾತೃಮಂಡಳಿಯ ಬೀಗತನ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಜೋಡಿಸಿದ ಕಂಪ್ಯೂಟರನ್ನು ಅಂಗಡಿಯವರು ‘ಅಸೆಂಬಲ್ಡ್’ ಎನ್ನುತ್ತಾರೆ. ಲೆಕ್ಕ ಮಾಡುವ ಪ್ರೊಸೆಸರ್, ಲೆಕ್ಕ ಮುಗಿಯುವವರೆಗೆ ಅಂಕಿಗಳನ್ನು ನೆನಪಿಡುವ ರ್‍ಯಾಮ್, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್, ಇವೆಲ್ಲಕ್ಕೂ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ, ಇಷ್ಟೂ ಬಂದು ಕೂಡುವ ಹಲಗೆಗೆ ಮದರ್‌ಬೋರ್ಡ್ ಎಂದು ಹೆಸರು. ಬೋರ್ಡ್ ಎಂದರೆ ಹಲಗೆಯೂ ಹೌದು, ಮಂಡಳಿಯೂ ಹೌದು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸಬೇಕು ಎಂದು ತೀರ್ಮಾನಿಸುವುದೇ ಇದರ ಮುಖ್ಯ ಕಸುಬಾದ್ದರಿಂದ ಇಲ್ಲಿ ಎರಡನೆಯ ಅರ್ಥವನ್ನೇ ಹಿಡಿದು ಮಾತೃಮಂಡಳಿ ಎನ್ನಲಾಗಿದೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕೈಬದಲಾಗಿ, ಬಸ್ಸಿನಲ್ಲಿ ಹುಮನಾಬಾದಿಗೆ ಬಂದು, ಅಲ್ಲಿಂದ ಮಗ್ಗುಲಿನ ಮಾಣಿಕನಗರದ ಒಂದು ಪಡಸಾಲೆ ಸೇರಿದ ಬಿ450 ಜಾತಿಯ ಹಳೆಯ ಮಂಡಳಿಯೊಂದನ್ನು ಸಂದರ್ಶಕರು ಮಾತಿಗೆಳೆದಾಗ, ಎಲ್ಲ ಮಂಡಳಿಗಳಂತೆ ಅದೂ ತನ್ನನ್ನು ‘ಮಂಡಳಿ’ ಎಂದೇ ಹೇಳಿಕೊಂಡಿತು.

ಸಂದರ್ಶಕ: ಮಾಣಿಕಪ್ರಭುಗಳ (1817–1865) ಸಕಲಮತ ಸಂಪ್ರದಾಯ ಬೆಳೆದ ಊರಿದು. ಯಾವ ಮತವನ್ನೂ ಹಳಿಯದೆ ಎಲ್ಲವನ್ನೂ ಗೌರವದಿಂದ ಕಾಣಬೇಕೆಂಬುದು ಅದರ ತಿರುಳು. ಇಂಥ ಊರಿಗೆ ಬಂದದ್ದಕ್ಕೆ ಮಂಡಳಿಗೆ ಏನನ್ನಿಸುತ್ತದೆ?

ಮಂಡಳಿ: ಗೌರವವಿದೆ, ಆದರೆ ಪಾಲಿಸಲು ಅನುಮತಿಯಿಲ್ಲ. ಮಂಡಳಿಯ ನಡುವೆ ಸಾಕೆಟ್ ಎಂಬ ಚೌಕಾಕಾರದ ಗದ್ದುಗೆಯಿದ್ದು, ಅದರಲ್ಲಿ ಎಎಂಡಿ ಕಂಪನಿಯ ಎಎಂ4 ಎಂಬ ಕುಲಕ್ಕೆ ಸೇರಿದ ಪ್ರೊಸೆಸರಿನ 1331 ಕಾಲುಗಳಿಗೆ ಮಾತ್ರ ರಂಧ್ರಗಳಿವೆ. 2022ರಲ್ಲಿ ಬಂದ ಎಎಂ5 ಅದೇ ಎಎಂಡಿ ಮನೆತನದ್ದಾದರೂ ಅದಕ್ಕೆ ಕಾಲುಗಳೇ ಇಲ್ಲ, 1718 ಚಪ್ಪಟೆ ಬಿಂದುಗಳಿವೆ. ಅದನ್ನು ಇಲ್ಲಿ ಕೂರಿಸುವ ಮಾತೇ ಬರುವುದಿಲ್ಲ.

ಸಂದರ್ಶಕ: ಹಾಗಾದರೆ ಎಣಿಕೆ ಸರಿಹೋದರೆ ಸಾಲಾವಳಿ ಕೂಡಿಬಂದಂತೆ ಎನ್ನಬಹುದೇ?

ಮಂಡಳಿ: ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿಯೂ ಮುರಿದುಬಿದ್ದ ಬೀಗತನಗಳನ್ನು ಸಂದರ್ಶಕರು ಕಂಡಿಲ್ಲವೆಂದು ತೋರುತ್ತದೆ. ಇಂಟೆಲ್ ಮನೆತನದ 7ನೆಯ ಪೀಳಿಗೆ 2017ರ ಜನವರಿಯಲ್ಲೂ 8ನೆಯ ಪೀಳಿಗೆ ಅದೇ ವರ್ಷದ ಅಕ್ಟೋಬರಿನಲ್ಲೂ ಡೆಸ್ಕ್‌ಟಾಪ್ ಮಾರುಕಟ್ಟೆಗೆ ಬಂದವು. ಎರಡಕ್ಕೂ ಸಂಪರ್ಕಬಿಂದುಗಳು 1151, ಅಳತೆಯೂ ಒಂದೇ, ಒಂದರ ಗದ್ದುಗೆಯ ಮೇಲೆ ಇನ್ನೊಂದು ಸಲೀಸಾಗಿ ಕೂರುತ್ತದೆ, ಆದರೆ ಯಂತ್ರ ಏಳುವುದಿಲ್ಲ. ಹೊಸ ಪೀಳಿಗೆಗೆ ಹೊಸ ಚಿಪ್‌ಸೆಟ್, ಅಂದರೆ ಮಂಡಳಿಯ ಒಳಗಿನ ಕಾರ್ಯದರ್ಶಿಯಂಥ ಚಿಪ್ಪು, ಬೇಕೇಬೇಕೆಂದು ಕಂಪನಿ ಹೇಳಿತು. ವಿದ್ಯುತ್ ಪೂರೈಕೆಯ ಏರ್ಪಾಡು ಬದಲಾಗಿದೆ ಎಂಬುದು ಕೊಟ್ಟ ಕಾರಣ. ಕೆಲವು ಹವ್ಯಾಸಿಗಳು ಒಳಗಿನ ಬರಹವನ್ನು ತಿದ್ದಿ, ಒಂದೆರಡು ಬಿಂದುಗಳಿಗೆ ಅಂಟುಪಟ್ಟಿ ಹಚ್ಚಿ, ಹಳೆಯ ಮಂಡಳಿಗಳ ಮೇಲೆಯೇ ಹೊಸ ಪ್ರೊಸೆಸರುಗಳನ್ನು ಓಡಿಸಿ ತೋರಿಸಿದರೆಂಬುದು ಬೇರೆ ಮಾತು. ಅದನ್ನು ನಡಾವಳಿಯಲ್ಲಿ ಸೇರಿಸಬೇಕಾಗಿಲ್ಲ.

(ಸೇರಿಸಲಾಗಿದೆ.)

ಸಂದರ್ಶಕ: ರ್‍ಯಾಮ್ ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇದೆಯಲ್ಲ, ಅದು ಏಕೆ?

ಮಂಡಳಿ: ಡಿಡಿಆರ್4, ಡಿಡಿಆರ್5 ಎಂಬ ಎರಡು ಪೀಳಿಗೆಯ ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಉದ್ದ ಅಷ್ಟೇ, ಬಂಗಾರದ ಬಣ್ಣದ ಹಲ್ಲುಗಳು ಎರಡರಲ್ಲೂ 288. ಆದರೆ ಮೊದಲನೆಯದು ಉಣ್ಣುವುದು 1.2 ವೋಲ್ಟ್, ಎರಡನೆಯದು 1.1, ಮಾತಾಡುವ ಭಾಷೆಯೂ ಬೇರೆ. ಅದಕ್ಕೇ ಕಚ್ಚನ್ನು ಕೂದಲೆಳೆಯಷ್ಟು ಆಚೀಚೆ ಸರಿಸಲಾಗಿದೆ. ತಪ್ಪು ಪಟ್ಟಿಯನ್ನು ಒತ್ತಿದರೆ ಕಚ್ಚು ಅಡ್ಡಬಂದು ನಿಲ್ಲಿಸುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಇದು ಮಂಡಳಿಯ ಅತ್ಯಂತ ಪ್ರಾಮಾಣಿಕ ನಿರಾಕರಣೆ.

ಸಂದರ್ಶಕ: ಇಲ್ಲಿಗೆ ಹತ್ತಿರದಲ್ಲೇ ಬಸವಕಲ್ಯಾಣ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ 12ನೆಯ ಶತಮಾನದಲ್ಲಿ ಶರಣರು ಜಾತಿ ಮೀರಿ ಮಾಡಿದ ಮದುವೆಯನ್ನು ವಿರೋಧಿಸಿದವರೂ ಹೊಂದಿಕೆಯ ಮಾತನ್ನೇ ಆಡಿದ್ದರು.

ಮಂಡಳಿ: ಹೋಲಿಕೆ ಒಪ್ಪತಕ್ಕದ್ದಲ್ಲ. ರ್‍ಯಾಮಿನ ಕಚ್ಚು ಕಾರ್ಖಾನೆಯಲ್ಲೇ ಮೂಡಿದ್ದು, ಅದರ ಹಿಂದೆ ವೋಲ್ಟಿನ ಲೆಕ್ಕವಿದೆ. ಆ ಮಕ್ಕಳ ಮೈಮೇಲೆ ಕಚ್ಚೇ ಇರಲಿಲ್ಲ. ಮದುವೆಯಾದ ಮೇಲೆ ಹೊರಗಿನವರು ಕೆತ್ತಲು ಹೊರಟರು.

ಮಂಡಳಿ ಇಷ್ಟು ಖಚಿತವಾಗಿ ಉತ್ತರಿಸಿದ್ದು ಅದೊಂದೇ ಸಲ ಎಂಬುದನ್ನು ಇಲ್ಲಿ ಹೇಳಬೇಕು. ಕ್ಯಾಬಿನೆಟ್ ಎಂಬ ಹೊರಪೆಟ್ಟಿಗೆಯ ವಿಷಯವಾಗಿ ಅದು ಹೆಚ್ಚು ಆಸಕ್ತಿ ತೋರಲಿಲ್ಲ. 1995ರಲ್ಲಿ ಇಂಟೆಲ್ ಗೊತ್ತುಮಾಡಿದ ಎಟಿಎಕ್ಸ್ ಅಳತೆಯ ಹಲಗೆ 305 ಮಿಲಿಮೀಟರ್ ಉದ್ದ, 244 ಅಗಲವಿದ್ದು, ಇಂದಿಗೂ ಅದೇ ರಂಧ್ರಗಳಿಗೆ ಅದೇ ಹಿತ್ತಾಳೆಯ ಗಿಡ್ಡ ಕಾಲುಗಳು ಸರಿಹೊಂದುತ್ತವೆ, ಟೇಪು ಹಿಡಿದು ಅಳೆಯಲು ಬಂದವರಿಗೆ ಅಲ್ಲಿ ಚಿಂತೆಯಿಲ್ಲ ಎಂದು ಹೇಳಿ ಸುಮ್ಮನಾಯಿತು. ಎಸ್‌ಎಂಪಿಎಸ್ ಹೆಸರೆತ್ತಿದಾಗ ಮಾತ್ರ ಅದರ ದನಿ ತಗ್ಗಿತು.

ಮಂಡಳಿ: ಬೇಡವೆಂದು ತಳ್ಳುವವರಿಂದ ಯಾರೂ ಸುಟ್ಟುಹೋಗುವುದಿಲ್ಲ, ಬನ್ನಿ ಬನ್ನಿ ಎಂದು ಕರೆಯುವವರಿಂದಲೇ ಅಪಾಯ. ತಂತಿಗಳನ್ನು ಬೇಕಾದಂತೆ ಕಳಚಿ ಹಾಕಬಹುದಾದ ಎಸ್‌ಎಂಪಿಎಸ್‌ಗೆ ಮಾಡ್ಯುಲರ್ ಎನ್ನುತ್ತಾರೆ. ಆ ತಂತಿಯ ಒಂದು ತುದಿ, ಅಂದರೆ ಮಂಡಳಿಗೋ ಡಿಸ್ಕಿಗೋ ಚುಚ್ಚುವ ತುದಿ, ಜಗತ್ತಿಗೆಲ್ಲ ಒಂದೇ. ಪೆಟ್ಟಿಗೆಯ ಕಡೆಯ ತುದಿಗೆ ಮಾತ್ರ ಅಂಥ ನಿಯಮವಿಲ್ಲ. ಹಳೆಯ ಪೆಟ್ಟಿಗೆ ಕೆಟ್ಟಿತೆಂದು ಬೇರೆ ತಂದು, ತಂತಿ ಇದ್ದೇ ಇದೆಯಲ್ಲ ಎಂದು ಹಳೆಯದನ್ನೇ ಸಿಕ್ಕಿಸಿದರೆ, ಎಷ್ಟೋ ಸಲ ಅದು ಟಿಕ್ಕೆಂದು ಕೂತೂಬಿಡುತ್ತದೆ. ಒಳಗೆ 5 ವೋಲ್ಟ್ ಹೋಗಬೇಕಾದ ದಾರಿಯಲ್ಲಿ 12 ವೋಲ್ಟ್ ಹರಿದು, ಡಿಸ್ಕಿನಲ್ಲಿದ್ದ ಮದುವೆಯ ಫೋಟೋಗಳೆಲ್ಲ ಹೊಗೆಯಾಗುತ್ತವೆ. ತಂತಿಗೆ ಕಚ್ಚು ಹಾಕುವ ಬುದ್ಧಿ ಮಾತ್ರ ಯಾರಿಗೂ ಬರಲಿಲ್ಲ.

ಸಂದರ್ಶಕ: ಮಂಡಳಿಯೂ ತನ್ನ ಕುಲದವರನ್ನೇ ಕೆಲವೊಮ್ಮೆ ಗುರುತಿಸುವುದಿಲ್ಲವೆಂಬ ದೂರಿದೆ.

ಮಂಡಳಿ: ಬಯೋಸ್ ಎಂಬುದು ಯಂತ್ರ ಎದ್ದ ಕೂಡಲೇ ಮಂಡಳಿ ಓದಿಕೊಳ್ಳುವ ನಿಯಮಾವಳಿ. ಅದರಲ್ಲಿ ಹೆಸರಿಲ್ಲದ ಪ್ರೊಸೆಸರ್, ಕಾಲು ಕೂಡಿದರೂ ಅಪರಿಚಿತವೇ. ಹೆಸರು ಸೇರಿಸಲು ನಿಯಮಾವಳಿಯನ್ನು ತಿದ್ದಬೇಕು. ತಿದ್ದಲು, ಬಹಳಷ್ಟು ಮಂಡಳಿಗಳಲ್ಲಿ, ಯಂತ್ರ ಏಳಬೇಕು. ಏಳಲು ಹೆಸರಿರುವ ಪ್ರೊಸೆಸರ್ ಬೇಕು. ತಹಸೀಲು ಕಚೇರಿಯ ಮೆಟ್ಟಿಲು ಹತ್ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲಿ ಎಎಂಡಿ ಕಂಪನಿಯೇ ಇಂಥವರಿಗೆ ಹಳೆಯ ಪ್ರೊಸೆಸರನ್ನು ಕೈಗಡ ಕೊಟ್ಟು, ಕೆಲಸವಾದ ಮೇಲೆ ವಾಪಸು ತರಿಸಿಕೊಂಡಿತು. 2020ರ ಮೇ ತಿಂಗಳಲ್ಲಿ, ನಿಯಮಾವಳಿ ಬರೆದಿಡುವ ಚಿಪ್ಪಿನಲ್ಲಿ ಜಾಗ ಸಾಲದು, ಆದ್ದರಿಂದ ಬಿ450ಕ್ಕೆ ಮುಂದಿನ ಪೀಳಿಗೆಯ ಸಂಬಂಧವಿಲ್ಲ ಎಂದು ಅದೇ ಕಂಪನಿ ಸಾರಿತು. ಕೊಂಡವರು ಗದ್ದಲವೆಬ್ಬಿಸಿದ ಮೇಲೆ ಆ ತಿಂಗಳು ಮುಗಿಯುವುದರೊಳಗೇ ಜಾಗ ಸಿಕ್ಕಿತು. ಎರಡೂ ಸಲ ಮಂಡಳಿಯನ್ನು ಯಾರೂ ಕೇಳಲಿಲ್ಲ.

ಸಂದರ್ಶಕ: ಸಾಲಾವಳಿ ಕೇಳದೆಯೇ ಒಳಗೆ ಬಿಟ್ಟುಕೊಂಡ ಭಾಗವೊಂದಾದರೂ ಇದೆಯೇ?

ಮಂಡಳಿ: ಮೂಲೆಯಲ್ಲಿ ಕೂತಿರುವ ಬಿಲ್ಲೆ ಸೆಲ್. ಸಿಆರ್2032 ಎಂಬ ಹೆಸರಿನಲ್ಲೇ ಅದರ ಜಾತಕವಿದೆ: 20 ಮಿಲಿಮೀಟರ್ ಅಗಲ, 3.2 ದಪ್ಪ. ಯಂತ್ರ ಮಲಗಿದಾಗ ಗಡಿಯಾರ ನಿಲ್ಲದಂತೆ 3 ವೋಲ್ಟ್ ಕೊಡುತ್ತಾ ಕೂರುತ್ತದೆ. ಇಂಟೆಲ್ ಮಂಡಳಿಯಲ್ಲೂ ಅದೇ, ಇಲ್ಲೂ ಅದೇ, ಕಾರಿನ ರಿಮೋಟ್ ಕೀಲಿಯಲ್ಲೂ ಅದೇ. ಹುಮನಾಬಾದಿನಲ್ಲೇ ಸಿಗುತ್ತದೆ, ಸಿಕಂದರಾಬಾದಿಗೆ ಹೋಗಬೇಕಾಗಿಲ್ಲ. ಈ ಊರಿನ ಸಂಪ್ರದಾಯವನ್ನು ಮಂಡಳಿಯಲ್ಲಿ ಯಾರಾದರೂ ಪಾಲಿಸುತ್ತಿದ್ದರೆ ಅದೊಂದೇ.

ಸಂದರ್ಶನ ಮುಗಿದು ನಡಾವಳಿಗೆ ತಾರೀಖು ಹಾಕುವಂತೆ ಕೇಳಿದಾಗ ಮಂಡಳಿ 2018ರ ಜನವರಿ 1 ಎಂದು ಬರೆದುಕೊಟ್ಟಿತು. ಬಿ450 ಮಾರುಕಟ್ಟೆಗೆ ಬಂದದ್ದೇ ಆ ವರ್ಷದ ಜುಲೈ ಕೊನೆಗೆ. ಬಿಲ್ಲೆ ಸೆಲ್ ಎಂದೋ ಸತ್ತುಹೋಗಿತ್ತು, ಅದನ್ನು ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.