ಹತ್ತು ಲಕ್ಷಕ್ಕೊಂದು ಸಾವು

ಮೊನ್ನೆ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಿದ್ದವನು ಲ್ಯಾಂಬ್ಡಾ-ಬಿ ಎಂಬ ಕಣದ ಬಗ್ಗೆ ಓದುತ್ತಾ ಮೈಮರೆತೆ. ನನ್ನ ನಂಬರು ಬಂದು ಹೋಯಿತು. ಪಕ್ಕದಲ್ಲಿದ್ದ ಹಿರಿಯರು, “ಅಂಥಾದ್ದೇನ್ರೀ ಓದ್ತಿದ್ರಿ?” ಎಂದರು. ಹೇಳತೊಡಗಿದೆ. ಅವರ ನಂಬರೂ ಹೋಯಿತು. ಇಬ್ಬರೂ ಹೊಸ ಟೋಕನ್ ತೆಗೆದುಕೊಂಡು ಮತ್ತೆ ಕೂತೆವು.

ಪ್ರೋಟಾನಿನಲ್ಲಿರುವಂತೆ ಈ ಕಣದಲ್ಲೂ ಮೂರು ಕ್ವಾರ್ಕುಗಳು. ಅವುಗಳಲ್ಲೊಂದು ಬಾಟಮ್ ಎಂಬ ಭಾರಿ ಆಸಾಮಿ. ಅದರ ದೆಸೆಯಿಂದ ಇಡೀ ಕಣ ಪ್ರೋಟಾನಿನ ಆರು ಪಟ್ಟು ತೂಗುತ್ತದೆ. ಆಯಸ್ಸೋ, ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ ಒಂದೂವರೆ ಚೂರು. ಜಿನೀವಾ ಬಳಿಯ ಸರ್ನ್‌ನ ಎಲ್‌ಎಚ್‌ಸಿಬಿ ಉಪಕರಣದೊಳಗೆ ಅಷ್ಟರಲ್ಲೇ ಒಂದು ಸೆಂಟಿಮೀಟರಿನಷ್ಟು ಓಡಿ ಸಾಯುತ್ತದೆ. ಸಾಯುವ ದಾರಿಗಳು ನೂರೆಂಟು. ಹತ್ತು ಲಕ್ಷಕ್ಕೆ ಸುಮಾರು ಒಂದು ಸಲ ಮಾತ್ರ ಲ್ಯಾಂಬ್ಡಾ ಎಂಬ ಹಗುರ ಕಣವನ್ನೂ ಎರಡು ಮ್ಯೂಆನ್‌ಗಳನ್ನೂ ಬಿಟ್ಟುಹೋಗುತ್ತದೆ. ಇದಕ್ಕೆ ನೇರ ದಾರಿ ಇಲ್ಲ, ಸುತ್ತಿಬಳಸಿಯೇ ಹೋಗಬೇಕು. ಆ ಬಳಸುದಾರಿಯಲ್ಲಿ ನಾವಿನ್ನೂ ಕಾಣದ ಯಾವುದೋ ಕಣ ಕೈಯಾಡಿಸಿದ್ದರೂ ಆಡಿಸಿರಬಹುದು ಎಂಬ ಆಸೆಗೇ ಇಷ್ಟೆಲ್ಲ ಒದ್ದಾಟ.

ಈ ಅಪರೂಪದ ಸಾವನ್ನು ಮೊದಲು ಕಂಡವರು ಅಮೆರಿಕದ ಫರ್ಮಿಲ್ಯಾಬಿನ ಸಿಡಿಎಫ್ ತಂಡದವರು, 2011ರಲ್ಲಿ. ಸಿಕ್ಕಿದ್ದು ಸುಮಾರು 24. ಅದೇ ಸೆಪ್ಟೆಂಬರಿನಲ್ಲಿ ಅವರ ಟೆವಟ್ರಾನ್ ಯಂತ್ರ ನಿಂತಿತು. ಮುಂದಿನ ಎಣಿಕೆ ಎಲ್‌ಎಚ್‌ಸಿಬಿಯ ಪಾಲಾಯಿತು.

“ಎಲ್ಲಾ ಕಣ್ಣಿಗೆ ಬೀಳ್ತವೇನ್ರೀ?” ಎಂದರು ಹಿರಿಯರು. ಬೀಳುವುದಿಲ್ಲ. ಲ್ಯಾಂಬ್ಡಾಕ್ಕೆ ವಿದ್ಯುದಾವೇಶವಿಲ್ಲ, ಹೆಜ್ಜೆಗುರುತು ಬಿಡದು. ಪ್ರೋಟಾನ್ ಮತ್ತು ಪಯಾನ್ ಆಗಿ ಒಡೆದರೆ ಸರಿ. ಮೂರರಲ್ಲಿ ಸುಮಾರು ಒಂದು ಸಲ ನ್ಯೂಟ್ರಾನಿನ ವೇಷದಲ್ಲಿ ಜಾರಿಕೊಳ್ಳುತ್ತದೆ.

ಹಾಗಾಗಿ ಉಪಾಯ ಮಾಡುತ್ತಾರೆ. ಲ್ಯಾಂಬ್ಡಾ-ಬಿ ಇನ್ನೊಂದು ರೀತಿಯಲ್ಲೂ ಸಾಯುತ್ತದೆ: ನಡುವೆ ಜೆ-ಸೈ ಎಂಬ ಕಣವೊಂದು ಹುಟ್ಟಿ, ಅದು ಒಡೆದು, ಕೊನೆಗುಳಿಯುವುದು ಅದೇ ಲ್ಯಾಂಬ್ಡಾ, ಅವೇ ಎರಡು ಮ್ಯೂಆನ್. ಇದು ಅಷ್ಟೇನೂ ಅಪರೂಪವಲ್ಲ. ಎರಡನ್ನೂ ಎಣಿಸಿ ಅನುಪಾತ ತೆಗೆದರೆ ತಪ್ಪಿಸಿಕೊಂಡವುಗಳ ಲೆಕ್ಕ ಬಹುಮಟ್ಟಿಗೆ ಎರಡೂ ಕಡೆ ವಜಾ. ನಮ್ಮ ಸಂತೆಯಲ್ಲಿ ಕಿಲೋಗೆ ನೂರು ಗ್ರಾಂ ನುಂಗುವ ತಕ್ಕಡಿಯಿದ್ದರೂ, ಬದನೆಕಾಯಿ ಬೆಂಡೆಕಾಯಿಯ ಎರಡರಷ್ಟಿದೆ ಎಂಬುದರಲ್ಲಿ ಮೋಸವಿಲ್ಲವಲ್ಲ! ಹಿರಿಯರಿಗೆ ಇದು ತಟ್ಟನೆ ಹಿಡಿಸಿತು. ಆ ತಕ್ಕಡಿ ಯಾರದೆಂದೂ ಅವರಿಗೆ ಗೊತ್ತಿತ್ತು.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ. ಇಂಥ ಹುಡುಕಾಟಗಳಲ್ಲಿ ಜರಡಿ ಹಿಡಿಯುವ ನಿಯಮಗಳೆಲ್ಲ ಗಟ್ಟಿಯಾಗುವ ತನಕ, ಉತ್ತರ ಇರಬಹುದಾದ ಜಾಗವನ್ನೇ ಮುಚ್ಚಿಡುವ ವಾಡಿಕೆಯಿದೆ. ತಮ್ಮ ಆಸೆ ಲೆಕ್ಕದೊಳಗೆ ನುಸುಳಬಾರದೆಂದು ತಮಗೆ ತಾವೇ ಕಟ್ಟಿಕೊಳ್ಳುವ ಕಣ್ಣುಪಟ್ಟಿ. ಪತ್ತೇದಾರಿ ಕಾದಂಬರಿಯನ್ನು ಕೊನೆಯ ಪುಟದಿಂದ ಶುರುಮಾಡುವ ನನ್ನನ್ನು ಅವರು ಕ್ಯಾಂಟೀನಿನಿಂದ ಆಚೆಗೆ ಬಿಟ್ಟುಕೊಳ್ಳಲಾರರು.