ಪುಕ್ಕಟೆ ಯೂನಿಟ್ಟು ಮತ್ತು ನಮ್ಮ ಫ್ರಿಜ್ಜು

ಗಜೇಂದ್ರಗಡದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗುವುದು ಫ್ರಿಜ್ಜು. ರಾತ್ರಿ ಊಟದ ತಾಟು ಎತ್ತುತ್ತಲೇ ಅಪ್ಪ ಹೋಗಿ ಅದನ್ನು ಬಂದ್ ಮಾಡುತ್ತಾನೆ. ಬೆಳಿಗ್ಗೆ ಹಾಲಿನವನು ಕೂಗಿದ ಮೇಲೆ ಮತ್ತೆ ಹಚ್ಚುತ್ತಾನೆ. ಕೇಳಿದರೆ, “ಹಗಲೆಲ್ಲಾ ದುಡದೈತಿ, ರಾತ್ರಿಯರ ಉಸುರ ಹಾಕ್ಲಿ” ಎಂಬ ಕರುಣೆಯ ಮಾತು. ಕರುಣೆಯ ಬೇರು ಇರುವುದು ಅಡುಗೆಮನೆ ಬಾಗಿಲ ಹಿಂದೆ, ತಂತಿಗೆ ಚುಚ್ಚಿಟ್ಟ ಲೈಟ್ ಬಿಲ್ಲುಗಳಲ್ಲಿ. ಮೀಟರ್ ಓದುವವರ ಮಷಿನ್ನಿನಿಂದ ಬರುವ ಆ ತೆಳ್ಳನೆಯ ಕಾಗದದ ಮೇಲೆ ಅಕ್ಷರ ಬಹಳ ದಿನ ನಿಲ್ಲುವುದಿಲ್ಲ. ಹಾಗಾಗಿ ಬಿಲ್ಲು ಕೈಗೆ ಬಂದ ದಿನವೇ ಅಪ್ಪ ಯೂನಿಟ್ಟಿನ ಅಂಕಿಯ ಮೇಲೆ ಬಾಲ್‌ಪೆನ್ನಿನಿಂದ ತಿದ್ದಿ ಗಟ್ಟಿ ಮಾಡುತ್ತಾನೆ. ಊರು, ಹೆಸರು, ದಿನಾಂಕ ಎಲ್ಲ ಮಾಸಿ ಹೋಗಿ ಬರೀ ಯೂನಿಟ್ಟು ಉಳಿದ ಬಿಲ್ಲುಗಳು ನಮ್ಮಲ್ಲಿ ಒಂದು ಕಟ್ಟು ಇವೆ.

ಗೋದ್ರೆಜ್‌ನವರು ಈ ದೇಶದಲ್ಲಿ ಫ್ರಿಜ್ಜು ಮಾಡಲು ಶುರು ಮಾಡಿದ್ದು 1958ರಲ್ಲಿ. ಆದರೂ ಫ್ರಿಜ್ಜಿನ ಮೇಲೆ ಅಪ್ಪನಿಗೆ ನಂಬಿಕೆ ಇನ್ನೂ ಬಂದಿಲ್ಲ. “ಹಿಂದ ಕೈ ಇಟ್ಟು ನೋಡು. ಬಿಸಿ ಐತಿ. ತಂಪು ಮಾಡೂ ಮಷಿನ್ ಬಿಸಿ ಯಾಕ ಆಗಬೇಕು? ಕರೆಂಟ್ ಸುಟ್ಟು ಹೊರಗ ಚೆಲ್ಲಾಕತ್ತೈತಿ” ಎಂಬುದು ಅವನ ವಾದ. ಪೂರ್ತಿ ತಪ್ಪಲ್ಲ. ಫ್ರಿಜ್ಜು ತಂಪು ತಯಾರಿಸುವುದೇ ಇಲ್ಲ. ಅದೊಂದು ಹಮಾಲ. ಒಳಗಿನ ಬಿಸಿಯನ್ನು ಹೊತ್ತು ತಂದು ಬೆನ್ನ ಹಿಂದೆ ಇಳಿಸುತ್ತದೆ, ಅದಕ್ಕೆ ಕೂಲಿ ಕರೆಂಟು. ಒಳಗೆ ಸಾಕಷ್ಟು ತಂಪಾದರೆ ತಾನೇ ನಿಲ್ಲುತ್ತದೆ, ಬಿಸಿ ಏರಿದರೆ ತಾನೇ ಏಳುತ್ತದೆ. ಅಂದರೆ ಉಸಿರು ಹಾಕಲು ಅದಕ್ಕೆ ಅಪ್ಪನ ಅಪ್ಪಣೆ ಬೇಕಾಗಿಲ್ಲ. ರಾತ್ರಿ ಬಂದ್ ಮಾಡಿದರೆ ಹೊರಗಿನ ಬಿಸಿ ನಿಧಾನಕ್ಕೆ ಒಳಗೆ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಹಮಾಲ ಬಾಕಿ ಚೀಲಗಳನ್ನೆಲ್ಲ ಒಮ್ಮೆಲೇ ಹೊರಬೇಕು. ಉಳಿತಾಯ ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಒಡೆದ ಹಾಲಿನ ಲೆಕ್ಕವನ್ನು ಅವ್ವ ಬೇರೆ ಇಟ್ಟಿದ್ದಾಳೆ.

ನಾನೊಮ್ಮೆ ಪೆನ್ನು ಹಿಡಿದು ಕೂತೆ. ಒಂದೇ ಬಾಗಿಲಿನ ಸಣ್ಣ ಫ್ರಿಜ್ಜುಗಳ ಮೇಲೆ ನಕ್ಷತ್ರದ ಚೀಟಿ ಅಂಟಿಸಿರುತ್ತಾರಲ್ಲ, ಅದರಲ್ಲಿ ವರ್ಷಕ್ಕೆ 150ರಿಂದ 200 ಯೂನಿಟ್ ಎಂದು ಬರೆದಿರುವುದೇ ಹೆಚ್ಚು. ಅದು ಬಾಗಿಲು ತೆಗೆಯದೆ ಪ್ರಯೋಗಾಲಯದಲ್ಲಿ ಅಳೆದ ಲೆಕ್ಕ. ನಮ್ಮ ಬೇಸಿಗೆ ಮತ್ತು ನಮ್ಮ ಮಕ್ಕಳು ಆ ಪ್ರಯೋಗಾಲಯ ನೋಡಿದವರಲ್ಲ. ಆದರೂ ದಿನಕ್ಕೆ ಅರ್ಧ ಯೂನಿಟ್ಟು, ಸ್ವಲ್ಪ ಮೇಲೆ ಎಂದಿಟ್ಟುಕೊಳ್ಳೋಣ. ಇನ್ನು ಅಪ್ಪನ ಜಳಕದ ನೀರಿನ ಕಾಯಿಲ್ಲು ಸಾವಿರ ವ್ಯಾಟಿನದು. ಒಂದು ತಾಸು ಬಕೆಟ್ಟಿನಲ್ಲಿ ಮುಳುಗಿದರೆ ಒಂದು ಯೂನಿಟ್ಟು. ಫ್ರಿಜ್ಜಿನ ಎರಡು ದಿನದ ಕೂಲಿ ಅಪ್ಪನ ಒಂದು ಜಳಕದಲ್ಲಿ ಹರಿದು ಹೋಗುತ್ತದೆ. ಇದನ್ನು ಹೇಳಿದೆ. “ಹಂಗಂದ್ರ ನಾ ತಣ್ಣೀರ ಜಳಕಾ ಮಾಡ್ಲಿ, ನಿಮ್ಮ ಬದನಿಕಾಯಿ ತಂಪಾಗಿರ್ಲಿ, ಹೌದಿಲ್ಲೊ?” ಎಂದ. ಲೆಕ್ಕ ಅಲ್ಲಿಗೇ ನಿಂತಿತು.

ರೋಣದ ನಮ್ಮ ಅತ್ತಿಯ ಮನೆಯಲ್ಲಿ ಇಂಥ ತಕರಾರೇ ಇಲ್ಲ. ಅವರ ಫ್ರಿಜ್ಜು ವರ್ಷಕ್ಕೆ ಹತ್ತು ತಿಂಗಳು ಕಪಾಟು. ಹೆಸರುಕಾಳು, ಗುರೆಳ್ಳು ಚಟ್ನಿಪುಡಿ, ರೇಷನ್ ಕಾರ್ಡು, ಹೊಲದ ಉತಾರ, ಮಾವನ ಬಿ.ಪಿ. ಗುಳಿಗೆ, ಎಲ್ಲ ಅದರಲ್ಲಿ. “ಇಲಿ ಹೋಗೂದಿಲ್ಲ, ಇರುವಿ ಹತ್ತೂದಿಲ್ಲ” ಎನ್ನುತ್ತಾಳೆ. ಕಡಕ್ ರೊಟ್ಟಿ ಬುಟ್ಟಿಯಲ್ಲೇ ತಿಂಗಳುಗಟ್ಟಲೆ ಇರುತ್ತದೆ, ನೀರು ಹರವಿಯಲ್ಲಿ ತಂಪಾಗುತ್ತದೆ. ಇನ್ನು ಪ್ಲಗ್ ಹಾಕುವುದು ಯಾಕೆ? ಮಾವಿನ ಹಣ್ಣಿನ ಕಾಲದಲ್ಲಿ ಮಾತ್ರ ಉತಾರ ಹೊರಗೆ, ಸೀಕರಣಿ ಒಳಗೆ.

ನರಗುಂದದ ಅಕ್ಕನ ಮನೆ ಇನ್ನೊಂದು ತುದಿ. ಅಕ್ಕನ ಗಂಡ, ನಮ್ಮ ಮಾವ, ದೊಡ್ಡ ಎರಡು ಬಾಗಿಲಿನದನ್ನು ತಂದಿದ್ದಾರೆ. ಯಾರೇ ಬಂದರೂ ಬಾಗಿಲು ಪೂರಾ ತೆಗೆದಿಟ್ಟು, “ಏನ್ ತಗೋತೀರಿ, ಮಜ್ಜಿಗ್ಯೊ, ಪಾನಕಾನೊ?” ಎಂದು ನಿಂತಲ್ಲೇ ವಿಚಾರಿಸುತ್ತಾರೆ. ಅತಿಥಿ ಮನಸ್ಸು ಮಾಡುವಷ್ಟರಲ್ಲಿ ಅರ್ಧ ನರಗುಂದ ತಂಪಾಗಿರುತ್ತದೆ. ಕರೆಂಟಿನ ಮಾತೆತ್ತಿದರೆ, “1980ರಾಗ ಮಲಪ್ರಭಾ ಕಾಲುವಿ ಕರಾ ಕೊಡೂದಿಲ್ಲ ಅಂತ ಎದ್ದು ನಿಂತ ಊರಪಾ ಇದು. ಬಿಲ್ಲಿಗೆ ಅಂಜ್ತೇವೇನು?” ಎನ್ನುತ್ತಾರೆ. ಆ ರೈತರಿಗೂ ಈ ಪಾನಕಕ್ಕೂ ಏನು ಸಂಬಂಧವೆಂದು ಕೇಳುವ ಧೈರ್ಯ ಭಾವಮೈದುನನಿಗೆ ಎಲ್ಲಿಂದ ಬರಬೇಕು?

ನಮ್ಮೂರ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ತಿರುಗುವುದನ್ನು ನೋಡಿದಾಗ ಅಪ್ಪನ ಸಂಕಟ ಹೆಚ್ಚಾಗುತ್ತದೆ. ಕರೆಂಟು ಹುಟ್ಟುವುದು ನಮ್ಮ ತಲೆಯ ಮೇಲೆ, ಬಿಲ್ಲು ಬರುವುದೂ ನಮಗೇ! ಗ್ರಿಡ್ಡು, ಲೈನು ಎಂದೆಲ್ಲ ತಿಳಿಸಿ ಹೇಳಿದೆ, ಕೇಳಲಿಲ್ಲ. ಇನ್ನೊಂದು ತಮಾಷೆಯಿದೆ. ಆ ರೆಕ್ಕೆಗಳಿಗೆ ಸುಗ್ಗಿ ಮುಂಗಾರಿನ ಗಾಳಿ ಬೀಸುವ ಆಷಾಢದಲ್ಲಿ. ಫ್ರಿಜ್ಜಿಗೆ ಬೆನ್ನು ಮುರಿಯುವ ಕೆಲಸ ಚೈತ್ರ-ವೈಶಾಖದಲ್ಲಿ. ಇಬ್ಬರ ಪಂಚಾಂಗ ಕೂಡುವುದೇ ಇಲ್ಲ.

2023ರ ಜುಲೈನಿಂದ ಗೃಹಜ್ಯೋತಿ ಬಂತು. 200 ಯೂನಿಟ್ ಪುಕ್ಕಟೆ ಎಂಬ ಸುದ್ದಿ ಕೇಳಿ ಅವ್ವ ಅವತ್ತು ರಾತ್ರಿ ಹಾಲನ್ನು ಧೈರ್ಯವಾಗಿ ಫ್ರಿಜ್ಜಿನಲ್ಲಿಟ್ಟಳು. ಆದರೆ ಯೋಜನೆಯ ಮೊದಲಿನ ಒಳಲೆಕ್ಕ ಬೇರೆ ಇತ್ತು. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ಶೇ. 10 ಸೇರಿಸಿದಷ್ಟು ಪುಕ್ಕಟೆ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ರೊಕ್ಕ. 200 ದಾಟಿದರೆ ಪೂರ್ತಿ ಬಿಲ್ಲು. ರಾತ್ರಿಯೆಲ್ಲ ಫ್ರಿಜ್ಜು ಮಲಗಿಸಿ ಅಪ್ಪ ಕಷ್ಟಪಟ್ಟು ಇಳಿಸಿದ ಸರಾಸರಿಯೇ ನಮ್ಮ ಪಾಲಿನ ಮಿತಿಯಾಯಿತು. ಅತಿಥಿಗೊಮ್ಮೆ ಬಾಗಿಲು ತೆರೆದಿಟ್ಟ ನರಗುಂದದ ಮಾವನಿಗೆ ನಮ್ಮ ದುಪ್ಪಟ್ಟು. ಅಪ್ಪ ಬಿಲ್ಲಿನ ಕಟ್ಟನ್ನು ತಂತಿಯಿಂದ ಬಿಡಿಸಿ, ತಾನೇ ತಿದ್ದಿದ್ದ ಅಂಕಿಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತ. ಕಡೆಗೆ, “ಅಡ್ನಾಡಿಗಳಿಗೆ ಕಾಲ” ಎಂದ. ಮಾವನಿಗೆ ಎದುರಿಗೆ ಹೇಳಲಿಲ್ಲ, ಬೀಗರ ಹಾಗೆ ನಗುತ್ತಲೇ ಇದ್ದ.

ಮೊನ್ನೆ ಅಕ್ಕ ಫೋನಿನಲ್ಲಿ ಮಾತಿಗೆ ಮಾತು ಬಂದು, ತಿಂಗಳಿಗೆ ಹದಿನೈದಿಪ್ಪತ್ತು ಯೂನಿಟ್ಟು ಬಳಸದೇ ಉಳಿಯುತ್ತದೆ ಎಂದುಬಿಟ್ಟಳು. ಅಪ್ಪ ಎದ್ದು ಕೂತ. “ಅವನ್ನ ನಮ್ಮ ಮೀಟರಿಗೆ ಹಾಕಾಕ ಬರೂದಿಲ್ಲೇನು?” ಬರುವುದಿಲ್ಲ ಎಂದೆ. ಅಂದಿನಿಂದ ನರಗುಂದಕ್ಕೆ ಹೊರಟಾಗಲೆಲ್ಲ ಅಪ್ಪನ ಚೀಲದಲ್ಲಿ ಚಾರ್ಜ್ ಇಳಿದ ಟಾರ್ಚು, ಅವ್ವನ ಮೊಬೈಲು, ಇಸ್ತ್ರಿ ಕಾಣದ ಧೋತರಗಳು. ಬಸ್ ಚಾರ್ಜಿಗೆ ಅದಕ್ಕಿಂತ ಹೆಚ್ಚು ಆಗುತ್ತದಲ್ಲ ಎಂದಾಗ ಸ್ವಲ್ಪ ಯೋಚಿಸಿ, “ಮುಂದಿನ ಸಲ ನಿಮ್ಮವ್ವನ್ನ ಕಳಸ್ತೇನಿ, ಹೆಣ್ಣಮಕ್ಕಳಿಗೆ ಬಸ್ ಪುಕ್ಕಟ ಐತಿ” ಎಂದ.

ಅವ್ವ ಒಳಗಿನಿಂದಲೇ ಅಂದಳು: “ಹೊಕ್ಕೇನಿ. ಆದ್ರ ಮಳಿಗಾಲ ಮುಗಿಯೂತನಾ ಬರೂದಿಲ್ಲ ನೋಡ್ರಿ. ಅಲ್ಲಿ ಹಾಲು ಒಡಿಯೂದಿಲ್ಲ.”