ಎಲೆಗೆ ಅಡ್ಡ ಹಿಡಿದ ಕೈ

ಮದುವೆ ಊಟದ ಪಂಕ್ತಿಯಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಸಾಕು ಸಾಕು’ ಅಂದವರಿಗೆ ಇನ್ನೊಂದು ಹೋಳಿಗೆ ಖಾತ್ರಿ. ಇಂಟರ್‌ನೆಟ್ಟೂ ಬಹಳ ಕಾಲ ಇದೇ ಉಪಚಾರದಲ್ಲಿ ನಡೆಯಿತು. ರೂಟರ್ ತುಂಬಿದರೆ ಪ್ಯಾಕೆಟ್ ಚೆಲ್ಲುವುದು. ಚೆಲ್ಲಿದ್ದನ್ನು ಕಳಿಸುವವರು ಮತ್ತೆ ಬಡಿಸುವುದು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಪ್ರಯೋಗಾಲಯಕ್ಕೂ ವಿಶ್ವವಿದ್ಯಾಲಯಕ್ಕೂ ನಡುವಿನ 400 ಗಜ ದೂರದಲ್ಲಿ, ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದದ್ದು 40ಕ್ಕೆ ಇಳಿಯಿತು. ಚೀಟಿ ಬರೆದು ಆಳಿನ ಕೈಲಿ ಕಳಿಸಿದ್ದರೆ ಬೇಗ ಮುಟ್ಟುತ್ತಿತ್ತು.

ಚೆಲ್ಲುವ ಮೊದಲೇ ಹೇಳಬಾರದೇ ಎಂದು ಯೋಚಿಸಿದವರಲ್ಲಿ ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್ ಇಬ್ಬರೂ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ) ಓದಿದವರು. ಓದಿದ್ದು ಎಪ್ಪತ್ತರ ದಶಕದಲ್ಲಿ; ಹಾಗಾಗಿ ಇದರ ಕೀರ್ತಿ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಸಲ್ಲುವುದಿಲ್ಲ. ದಟ್ಟಣೆಯ ಸುದ್ದಿಯನ್ನು ಅವರು ಒಂದೇ ಬಿಟ್‌ನಲ್ಲಿ ಹೇಳಿಸಿದರು. 2001ರಲ್ಲಿ ರಾಮಕೃಷ್ಣನ್, ಸ್ಯಾಲಿ ಫ್ಲಾಯ್ಡ್, ಡೇವಿಡ್ ಬ್ಲ್ಯಾಕ್ ಬರೆದ ಆರ್‌ಎಫ್‌ಸಿ 3168 ಎಂಬ ಇಂಟರ್‌ನೆಟ್ ನಿಯಮಪತ್ರ ಇದಕ್ಕೆ ಎರಡು ಬಿಟ್ ಕೊಟ್ಟಿತು. ಎರಡೂ ಬಿಟ್ 1 ಆಗಿದ್ದರೆ ಅರ್ಥ: ದಟ್ಟಣೆ ಇದೆ, ಸ್ವಲ್ಪ ನಿಧಾನ.

ಇಷ್ಟು ಸುಲಭದ ಮಾತು ಮುಟ್ಟಬೇಕಾದವರಿಗೆ ಮುಟ್ಟುವುದೇ ಕಷ್ಟ. ದಾರಿಯ ಕೆಲವು ರೂಟರ್‌ಗಳು ಆ ಬಿಟ್‌ಗಳನ್ನು ಅಳಿಸಿಬಿಡುತ್ತವೆ. ಅದಕ್ಕೇ 2021ರ ಕ್ವಿಕ್ ಪ್ರೋಟೊಕಾಲಿನಲ್ಲಿ, ಆ ಬಿಟ್‌ಗಳ ಗುರುತಿರುವ ಪ್ಯಾಕೆಟ್ ಎಷ್ಟು ಬಂದವೆಂದು ಪಡೆದವರು ಪ್ರತಿ ಸ್ವೀಕೃತಿಯಲ್ಲೂ ಒಟ್ಟು ಲೆಕ್ಕ ಒಪ್ಪಿಸಬೇಕು. ಲೆಕ್ಕ ತಾಳೆಯಾಗದಿದ್ದರೆ ಕಳಿಸುವವರು ಆ ಸಂಕೇತವನ್ನೇ ನಂಬುವುದು ಬಿಡುತ್ತಾರೆ.

ನಾನು ಕೈಯಾಡಿಸುವ ಓಪನ್ ಸೋರ್ಸ್ ಕ್ವಿಕ್ ಲೈಬ್ರರಿಯ ತಂಟೆ ಇಲ್ಲೇ. ಗುರುತಿನ ಪ್ಯಾಕೆಟ್ ಒಟ್ಟು 12 ಎಂದು ಹೇಳುವ ಸ್ವೀಕೃತಿ ಮೊದಲು ಬಂತು. ಅದಕ್ಕಿಂತ ಮುಂಚೆ ಹೊರಟು, ದಾರಿಯಲ್ಲಿ ತಡವಾದ 9ರದು ಆಮೇಲೆ ಬಂತು. ‘ಆಗಲೇ 12 ಅಂದವರು ಈಗ 9 ಅನ್ನುತ್ತಾರಲ್ಲ, ಸುಳ್ಳು’ ಎಂದು ಕೋಡ್ ಬಾಗಿಲು ಹಾಕಿಕೊಂಡಿತು. ತಡವಾಗಿ ಬಂದ ಹಳೆಯ ಸ್ವೀಕೃತಿಯ ಮೇಲೆ ತೀರ್ಪು ಕೊಡಕೂಡದು ಎಂದು ಕ್ವಿಕ್‌ನ ನಿಯಮದಲ್ಲೇ ಬರೆದಿದೆ. ತಿದ್ದುಪಡಿ ಒಂದು ‘ಇಫ್’ ಸಾಲು. ಅದನ್ನು ಪರೀಕ್ಷಿಸಲು, ಪ್ಯಾಕೆಟ್‌ಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಕಳಿಸುವ ಟೆಸ್ಟ್ ಮಾತ್ರ ಪುಟಗಟ್ಟಲೆ.

ಇಂಥ ಬಗ್ ಬಗ್ಗೆ ಯಾರೂ ದೂರುವುದಿಲ್ಲ. ವಿಡಿಯೊ ಓಡುತ್ತದೆ, ಕಡತ ಇಳಿಯುತ್ತದೆ. ರೂಟರ್ ‘ನಿಧಾನ’ ಎಂದದ್ದು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಸರಿಪಡಿಸಿದ ಮೇಲೂ ವಿಡಿಯೊ ಹಾಗೇ ಓಡುತ್ತದೆ. ಶಹಬ್ಬಾಸ್‌ಗಿರಿ ಬೇಕಿದ್ದವರು ಆ್ಯಪಿನ ಬಣ್ಣ ಬದಲಿಸುವ ಕೆಲಸ ಹಿಡಿಯುವುದು ವಾಸಿ.